ರೈಟಪ್ಪ ಹೇಳದೆ ಉಳಿಸಿಕೊಂಡ ರೈಟ್

ಕಂಡಕ್ಟರ್ ಕೆಲಸದಿಂದ ಅಪ್ಪ ನಿವೃತ್ತನಾದ, ಅವನ ಬಾಯಿಯ ‘ರೈಟ್’ ಮಾತ್ರ ಆಗಲಿಲ್ಲ. ಊಟ ರುಚಿಸಿದರೆ ರೈಟ್. ಜಗಳ ಸಾಕೆನಿಸಿದರೆ ರೈಟ್. ಬಂದ ನೆಂಟರು ಏಳುವ ಲಕ್ಷಣ ಕಾಣದಿದ್ದರೆ ಚಪ್ಪಾಳೆ ತಟ್ಟಿ, ರಾಗ ಎಳೆದು, “ರೈ...ಟ್!” ಅವರು ಎದ್ದು ಚಪ್ಪಲಿ ಹುಡುಕಬೇಕು. ದೊಡ್ಡ ಮಗಳ ಮದುವೆಯ ಮಾತುಕತೆ ಹಗ್ಗಜಗ್ಗಾಟವಾದಾಗ ಅವನು ರೈಟ್ ಎಂದು ಎದ್ದು ನಿಂತ, ಮದುವೆ ಗೊತ್ತಾಗಿಯೇಬಿಟ್ಟಿತು! ಬೀದಿಗೆಲ್ಲ ಅವನು ರೈಟಪ್ಪ.

“ನಿಮ್ಮಪ್ಪನಿಗೆ ಬರೋದು ಒಂದೇ ಇಂಗ್ಲಿಷ್ ಪದ. ಅದನ್ನೇ ಅರೆದು ಅರೆದು ಕುಡೀತಾರೆ” ಎಂದು ಅಮ್ಮ ಗೊಣಗುತ್ತಿದ್ದಳು.

ಆದರೆ ಕಿರಿಮಗಳು ಬಸ್ ಡ್ರೈವರ್ ಆಗುತ್ತೇನೆ ಎಂದ ದಿನ ಆ ಪದವೇ ಮಾಯ. ಅವಳು ಆಯ್ಕೆಯಾದಳು, ಖಾಕಿ ಹೊಲಿಸಿಕೊಂಡಳು, ಅಪ್ಪ ತುಟಿಪಿಟಕ್ಕೆನ್ನಲಿಲ್ಲ. ಯಾರು ಶಭಾಷ್ ಅಂದರೇನು, ಅವಳಿಗೆ ಬೇಕಿದ್ದದ್ದು ಅಪ್ಪನ ಆ ಒಂದು ರೈಟ್.

“ಬೇಡ ಅಂತಾದ್ರೂ ಹೇಳಪ್ಪಾ!”

“ಏರಿನಲ್ಲಿ ತುಂಬಿದ ಬಸ್ಸು ಹಿಂದಕ್ಕೆ ಸರಿದದ್ದನ್ನ ನಾನು ಕಂಡಿದೀನಿ. ನೀನು ಕಂಡಿಲ್ಲ” ಎಂದು ಎದ್ದು ಹೋದ.

ಮೊದಲ ದಿನವೇ ಅವಳಿಗೆ ಸಿಕ್ಕಿದ್ದು ಅಪ್ಪನ ಹಳೆಯ ರೂಟು! ಖುಷಿಗೆ ಕಾಲು ನೆಲದ ಮೇಲೆ ನಿಲ್ಲಲಿಲ್ಲ. ಕನ್ನಡಿ ಸರಿಮಾಡುತ್ತ ನೋಡುತ್ತಾಳೆ, ಹಿಂಬಾಗಿಲ ಪಕ್ಕದ ಸೀಟಿನಲ್ಲಿ ಅಪ್ಪ! ಟಿಕೆಟ್ ಕೊಂಡು, ಯಾರೋ ಏನೋ ಎಂಬಂತೆ ಕಿಟಕಿಯಾಚೆ ನೋಡುತ್ತಿದ್ದಾನೆ.

ಆಸ್ಪತ್ರೆ ಏರಿನ ಸ್ಟಾಪಿನಲ್ಲಿ ಬಸ್ಸು ಕಿಕ್ಕಿರಿಯಿತು. ಜನರ ನಡುವೆ ಸಿಕ್ಕಿಬಿದ್ದಿದ್ದ ಕಂಡಕ್ಟರ್ ಅಲ್ಲಿಂದಲೇ “ರೈಟ್ ರೈಟ್!” ಎಂದ. ಅವಳು ಕ್ಲಚ್ ಬಿಡತೊಡಗಿದಳು.

“ಹೋಲ್ಡಾನ್!”

ಅಪ್ಪನ ಗುಡುಗು. ಅವಳ ಕಾಲು ತಾನಾಗಿ ಬ್ರೇಕಿಗೆ ಹೋಯಿತು, ಎಂಜಿನ್ ಗಕ್ಕನೆ ನಿಂತಿತು. ಒಂದು ಕಾಲು ಮೆಟ್ಟಿಲ ಮೇಲೆ, ಇನ್ನೊಂದು ರಸ್ತೆಯಲ್ಲಿದ್ದ ಮುದುಕಿಯನ್ನು ಅಪ್ಪ ರಟ್ಟೆ ಹಿಡಿದು ಒಳಗೆಳೆದುಕೊಂಡ.

“ಏನಮ್ಮಾ, ಬಸ್ಸು ಮೇಲಕ್ಕೋ ಕೆಳಕ್ಕೋ?” ಯಾರೋ ಕುಟುಕಿದರು. ಹಿಂದಿನ ಗಾಡಿಗಳು ಹಾರ್ನ್ ಬಾರಿಸಿ ಪ್ರಾಣ ತಿಂದವು. ಅವಳು ಮತ್ತೆ ಎಂಜಿನ್ ಚಾಲೂ ಮಾಡಿ, ಹ್ಯಾಂಡ್‌ಬ್ರೇಕ್ ಹಿಡಿದು, ಕನ್ನಡಿ ನೋಡಿದಳು. ಅಪ್ಪ ಬಾಗಿಲ ಕಂಬಿ ಹಿಡಿದು ಕತ್ತು ಹೊರಗೆ ಹಾಕಿದ್ದ.

“ಗಡಿಬಿಡಿ ಬೇಡ ಮಗಳೇ! ಹಿಂದೆ ನಾನು ನೋಡ್ಕೋತೀನಿ!”

ಆಮೇಲೆ ಬಸ್ಸಿನ ತಗಡಿಗೆ ಧಡ್ ಧಡ್ ಎಂದು ಎರಡೇಟು. “ರೈಟ್!”

ಬಸ್ಸು ಗೇಣುದ್ದವೂ ಹಿಂದೆ ಸರಿಯದೆ ಏರು ಹತ್ತಿತು! ಮಗಳಿಗೆ ನಗುವೋ ಅಳುವೋ ತಿಳಿಯಲಿಲ್ಲ. ಅಪ್ಪನೋ ಮತ್ತೆ ಸೀಟಿಗೆ ಹೋಗಲೇ ಇಲ್ಲ, ಸ್ಟಾಪು ಸ್ಟಾಪಿಗೂ ತಗಡು ಬಡಿಯತೊಡಗಿದ.

“ಯಜಮಾನ್ರೇ, ನನ್ನ ಕೆಲಸ ನನಗೆ ಬಿಡಿ” ಎಂದು ಕಂಡಕ್ಟರ್ ಕೈ ಮುಗಿದ.

“ಟಿಕೆಟ್ ನೀನು ಕೊಡಪ್ಪಾ” ಎಂದ ಅಪ್ಪ. “ಈ ಡ್ರೈವರಿಗೆ ರೈಟ್ ಹೇಳೋನು ನಾನು.”