ಸುಣ್ಣಪ್ಪನ ಮೈದಾನದಲ್ಲಿ ನೀರು ನಿಲ್ಲುವುದಿಲ್ಲ

ಹೆತ್ತವರು ಇಟ್ಟ ಹೆಸರು ಬೇರೆಯೇ ಇತ್ತು. ಆದರೆ ಫುಟ್‌ಬಾಲ್ ಮೈದಾನಕ್ಕೆ ಸುಣ್ಣದ ಗೆರೆ ಎಳೆದು ಎಳೆದು ಅಂಗೈಯ ಗೆರೆಗಳೂ ಬೆಳ್ಳಗಾಗಿದ್ದರಿಂದ ಎಲ್ಲರ ಬಾಯಲ್ಲೂ ಅವನು ಸುಣ್ಣಪ್ಪ. ಹೆಂಡತಿ ಮಾತ್ರ ‘ರೀ’ ಅನ್ನುತ್ತಿದ್ದಳು. ಸಿಟ್ಟು ಬಂದ ದಿನ ಅವಳಿಗೂ ಅವನು ಸುಣ್ಣಪ್ಪನವರೇ.

ಅವನ ಬೆಳಗಿನ ಕೆಲಸಕ್ಕೆ ಒಂದು ಕ್ರಮವಿತ್ತು. ಮೊದಲು ಬರಿಗಾಲಲ್ಲಿ ಮೈದಾನ ಸುತ್ತುವುದು. ಬೂಟಿಗೆ ತಿಳಿಯದ ಕಲ್ಲು ಕಾಲಿಗೆ ತಿಳಿಯುತ್ತದೆ. ಆಮೇಲೆ ಎರಡು ಗೂಟದ ನಡುವೆ ದಾರ ಬಿಗಿದು, ದಾರದ ಗುಂಟ ಸುಣ್ಣ ಸುರಿಯುವುದು. ಗೋಲಿನ ಎರಡು ಕಂಬಗಳನ್ನು ಅವನೇ ನೆಟ್ಟಿದ್ದ. ನೆಲದಿಂದ ಒಂದೇ ಕೋಲಿನಲ್ಲಿ ಎರಡನ್ನೂ ಅಳೆದು, ಮೇಲಿನ ಅಡ್ಡಪಟ್ಟಿ ಕೂರಿಸಿದ್ದ. ಗೋಲಿನ ಹಿಂದೆ ಒಂದು ಗೋದಾಮಿನ ಎತ್ತರದ ಗೋಡೆ. ಅದಕ್ಕೆ ಬಳಿದ ನೀಲಿ ಪಟ್ಟಿಯನ್ನೂ ನೆಲದಿಂದಲೇ ಅಳೆದಿದ್ದ. ಅಡ್ಡಪಟ್ಟಿ, ನೀಲಿ ಪಟ್ಟಿ, ನೆಲ, ಮೂರೂ ಒಂದಕ್ಕೊಂದು ಸರಿಸಮವಾಗಿ ಕಾಣುತ್ತಿದ್ದವು.

ಇನ್ನೊಂದು ತುದಿಯ ಗೋಲಿನ ಹಿಂದೆ ರಸ್ತೆ. ಒಮ್ಮೆ ಚೆಂಡು ಬಸ್ಸಿನ ಚಕ್ರಕ್ಕೆ ಸಿಕ್ಕಿ ಒಡೆದ ಮೇಲೆ ಆ ಕಡೆ ಅಭ್ಯಾಸ ನಿಂತೇಹೋಯಿತು. ಮಕ್ಕಳು ದಿನವೂ ಗೋಡೆಯ ಕಡೆಗೇ ಒದೆಯುತ್ತಿದ್ದರು. ಪಂದ್ಯವಿದ್ದಾಗ ರಸ್ತೆಯ ಕಡೆಗೂ ಆಡಲೇಬೇಕಲ್ಲ. ಆ ಅರ್ಧದಲ್ಲಿ ಗೋಲು ಬೀಳದಿದ್ದರೆ ಎಲ್ಲರೂ ಬಸ್ಸಿನ ಗದ್ದಲವನ್ನು ಬೈಯುತ್ತಿದ್ದರು.

ಸುಣ್ಣಪ್ಪನಿಗೆ ಒಂದು ಹೆಮ್ಮೆಯಿತ್ತು. ಎಂಥ ಮಳೆ ಬಂದರೂ ಅವನ ಮೈದಾನದಲ್ಲಿ ನೀರು ನಿಲ್ಲುತ್ತಿರಲಿಲ್ಲ. “ಬೇರೆಯವರ ಮೈದಾನದಲ್ಲಿ ದೋಣಿ ಬಿಡ್ಬೇಕು. ನಮ್ಮದ್ರಲ್ಲಿ ಮಳೆ ನಿಂತ ಗಳಿಗೆಗೇ ಆಟ ಶುರು,” ಅನ್ನುತ್ತಿದ್ದ. ಪಾಸ್ ತಪ್ಪಿದ ಮಕ್ಕಳು ಯಾರಾದರೂ ನೆಲ ದೂರಿದರೆ ಅವನ ಬಾಯಲ್ಲಿ ಗಾದೆ ಸಿದ್ಧವಾಗಿರುತ್ತಿತ್ತು: “ಕುಣಿಯಲಾರದವಳು ನೆಲ ಡೊಂಕು ಅಂದ್ಲಂತೆ. ಕಾಲು ನೆಟ್ಟಗಿಟ್ಕೋ.”

ಈ ಗಾದೆಯನ್ನು ಎಲ್ಲರಿಗಿಂತ ಹೆಚ್ಚು ಸಲ ಕೇಳಿದವಳು ಅವನ ಮಗಳು. ಮೈ ಸಣ್ಣದು, ಒಂದು ಕಡೆ ನಿಲ್ಲುವವಳಲ್ಲ, ಹಾಗಾಗಿ ಗುಬ್ಬಿ. ಅಪ್ಪ ಎಳೆದ ಗೆರೆ ಹಿಡಿದುಕೊಂಡೇ ನಡೆಯಲು ಕಲಿತವಳು.

ಗುಬ್ಬಿಯ ತಂಡಕ್ಕೆ ಹೊರದೇಶದ ಒಂದು ಪಂದ್ಯಾವಳಿಯಿಂದ ಕರೆ ಬಂದಾಗ ಮೊದಲು ವಾದ ಎದ್ದದ್ದು ಕ್ಷೌರದಂಗಡಿಯಲ್ಲಿ. ರಸ್ತೆಯೂ ಮೈದಾನದ ಚರಂಡಿಯೂ ಸೇರುವ ಮೂಲೆಯಲ್ಲಿ ಆ ಅಂಗಡಿ. ಕ್ಷೌರಿಕನ ಕತ್ತರಿಗಿಂತ ನಾಲಿಗೆಗೆ ಹರಿತ ಜಾಸ್ತಿ.

“ಅಲ್ಲಯ್ಯಾ, ಒದೆಯೋಕೆ ಅಷ್ಟು ದೂರ ಯಾಕೆ ಹೋಗ್ಬೇಕು? ಅಲ್ಲಿನ ಚೆಂಡು ಏನು ಚೌಕಾಕಾರ ಇರತ್ತಾ?”

ಕ್ಷೌರಕ್ಕೆ ತಮ್ಮನನ್ನು ಕರೆತಂದಿದ್ದ ಕೋಚ್ ಮೇಡಂ ಅಲ್ಲೇ ಇದ್ದರು. “ಬೇರೆಯವರ ಜೊತೆ ಆಡಿದ್ರೆ ತಾನೆ ನಾವೆಲ್ಲಿದೀವಿ ಅಂತ ಗೊತ್ತಾಗೋದು?”

“ಎಲ್ಲಿದೀವಿ ಅಂದ್ರೆ? ಇಲ್ಲೇ ಇದೀವಲ್ಲ,” ಅಂದ ಕ್ಷೌರಿಕ.

ಬೆಂಚಿನ ಮೇಲೆ ಸರದಿಗೆ ಕಾಯುತ್ತಿದ್ದ ಸುಣ್ಣಪ್ಪ ನಕ್ಕ. ಖರ್ಚು ಕ್ಲಬ್ಬಿನದು, ಮಗಳು ಸೋತರೂ ಅವನಿಗೆ ಚಿಂತೆಯಿರಲಿಲ್ಲ. ಅವನ ಅಳುಕು ಬೇರೆ. ಅದನ್ನು ಹೆಂಡತಿಯ ಹತ್ತಿರ ಮಾತ್ರ ಹೇಳಿಕೊಂಡ.

“ಹೋಗಿ ಬಂದ್ಮೇಲೆ ನಮ್ಮ ಮೈದಾನ ಅವಳ ಕಣ್ಣಿಗೆ ಚಿಕ್ಕದಾಗಿ ಕಂಡ್ರೆ?”

“ಕಳಿಸದೇ ಇದ್ರೆ ನೀವು ಚಿಕ್ಕೋರಾಗಿ ಕಾಣ್ತೀರಿ. ಯಾವುದು ವಾಸಿ, ನೀವೇ ನೋಡಿ,” ಅಂದಳು ಅವಳು, ಬಟ್ಟೆ ಮಡಚುತ್ತ.

ಗುಬ್ಬಿ ಹೋದಳು. ತಂಡ ಆಡಿದ ಎಲ್ಲ ಪಂದ್ಯವನ್ನೂ ಸೋತಿತು. ಫೋನಿನಲ್ಲಿ ಅವಳು ಹೇಳಿದ್ದು ಇಷ್ಟೇ: “ಹುಲ್ಲು ದಪ್ಪ ಇತ್ತಪ್ಪ.”

ತಿರುಗಿ ಬಂದ ದಿನ ಅಪ್ಪನ ಕೊರಳಿಗೆ ಜೋತುಬಿದ್ದಳು, ಹೊಟ್ಟೆ ತುಂಬ ಉಂಡಳು. ಆದರೆ ಮರುದಿನ ಸಂಜೆ ಮೈದಾನಕ್ಕೆ ಬರಲಿಲ್ಲ. ಅದರ ಮರುದಿನವೂ ಇಲ್ಲ. ಒಂದು ದಿನ ಕಾಲುನೋವು, ಒಂದು ದಿನ ಓದು. ಸುಣ್ಣಪ್ಪ ಮಂಚದ ಕೆಳಗೆ ಬಗ್ಗಿ ನೋಡಿದ. ಓದಲು ಹೋದವಳ ಬೂಟು ಅಲ್ಲಿರಲಿಲ್ಲ.

ಅದೇ ವಾರ ಕೋಚ್ ಮೇಡಂ ಬಂದರು. ಬರುವ ವರ್ಷವೂ ಕರೆದಿದ್ದಾರೆ, ಕಳಿಸುತ್ತೀರೋ ಇಲ್ಲವೋ ಎಂದು ಶನಿವಾರದೊಳಗೆ ಹೇಳಿ ಅಂದರು. ‘ಯೋಚನೆ ಮಾಡ್ತೀನಿ ಮೇಡಂ’ ಎಂದ ಸುಣ್ಣಪ್ಪ ಒಳಗೊಳಗೇ ಯೋಚಿಸಿ ಮುಗಿಸಿದ್ದ. ಹೋಗಿ ಬಂದ ಮಕ್ಕಳಿಗೆ ಮನೆಯ ಅಂಗಳ ಬೇಡವಾಗುವುದಾದರೆ ಆ ಪ್ರಯಾಣದಿಂದ ಬಂದ ಲಾಭವೇನು? ಆಗಲ್ಲ ಅಂತ ಹೇಳಿಬಿಡುವುದು.

ಕ್ಷೌರಿಕ ಉರಿಗೆ ಇನ್ನಷ್ಟು ಸೌದೆ ಒಟ್ಟಿದ. “ಅಲ್ಲಿನ ಹುಲ್ಲು ತುಳಿದ ಕಾಲಿಗೆ ಇಲ್ಲಿನ ಮಣ್ಣು ರುಚಿಸತ್ತೇನಯ್ಯಾ? ನಿನ್ ಮಗಳು ದಿನಾ ಗೋದಾಮಿನೊಳಗೆ ಆಡ್ತಾಳಂತೆ. ನಿನ್ ಹೆಂಡ್ತೀನೂ ಇರ್ತಾಳಂತೆ. ನಿನಗೊಬ್ಬನಿಗೇ ಗೊತ್ತಿಲ್ಲ ನೋಡು.”

ಹೆಂಡತಿ ಆ ಗೋದಾಮಿನಲ್ಲಿ ಪೆಟ್ಟಿಗೆ ಕಟ್ಟುವ ಕೆಲಸದವಳು. ಸುಣ್ಣಪ್ಪ ಕೈ ಕೂಡ ತೊಳೆಯದೆ ಹೊರಟ. ಪಾಳಿ ಮುಗಿದು ಜನ ಹೋಗಿದ್ದರು. ನುಣುಪಾದ ಸಿಮೆಂಟು ನೆಲದ ಆಚೆ ತುದಿಯಲ್ಲಿ ಒಂದು ಖಾಲಿ ರಟ್ಟಿನ ಪೆಟ್ಟಿಗೆ ಬಾಯಿ ತೆರೆದು ಕೂತಿತ್ತು. ಈ ತುದಿಯಿಂದ ಗುಬ್ಬಿ ಒದೆಯುತ್ತಿದ್ದಳು. ಚೆಂಡು ಪೆಟ್ಟಿಗೆಯ ಎಡಕ್ಕೆ ಹೋಯಿತು. ಅಮ್ಮ ಕೈಯಲ್ಲಿ ಉರುಳಿಸಿ ವಾಪಸ್ ಕಳಿಸಿದಳು. ಮತ್ತೆ ಎಡಕ್ಕೆ. ಮತ್ತೆ.

“ನಮ್ಮ ಮೈದಾನ ಬೇಡವಾಯ್ತೇನೇ ಪುಟ್ಟಿ?”

ಗುಬ್ಬಿ ಬೆಚ್ಚಿ ತಿರುಗಿದಳು. ಚೆಂಡನ್ನು ಎತ್ತಿ ಎದೆಗೆ ಅವಚಿಕೊಂಡಳು.

“ಹೇಳೇ. ಎಷ್ಟು ದಿನ ಅಂತ ಸೆರಗಲ್ಲಿ ಕೆಂಡ ಕಟ್ಕೊಂಡಿರ್ತೀಯಾ,” ಅಂದಳು ಅಮ್ಮ.

“ಅಪ್ಪಾ, ನೀನು ಆ ಗಾದೆ ಹೇಳ್ಬಾರ್ದು.”

“ಯಾವ ಗಾದೆ?”

“ನೆಲದ್ದು.”

ಸುಣ್ಣಪ್ಪ ಒಂದು ಪೆಟ್ಟಿಗೆಯ ಮೇಲೆ ಕೂತ. “ಹೇಳಲ್ಲ. ಏನಾಯ್ತು?”

“ಅಲ್ಲಿ ನಾವು ಕೊಟ್ಟ ಪಾಸೆಲ್ಲ ಎಡಕ್ಕೇ ಹೋಗ್ತಿತ್ತು. ನನ್ನದೊಂದೇ ಅಂದ್ಕೊಂಡಿದ್ದೆ. ನೋಡಿದ್ರೆ ಎಲ್ಲರದೂ. ಮೇಡಂ ಭಯ ಅಂದ್ರು. ನಾವು ಇಳ್ಕೊಂಡಿದ್ದ ಕಡೆ ಉದ್ದದ ಮೊಗಸಾಲೆ ಇತ್ತಪ್ಪ. ಅಲ್ಲಿ ಕೈಯಲ್ಲಿ ಉರುಳಿಸಿದ್ರೆ ಚೆಂಡು ನೆಟ್ಟಗೆ ಹೋಯ್ತು, ಒದ್ರೆ ಎಡಕ್ಕೆ ಹೋಯ್ತು. ಅಲ್ಲಿಗೆ ಗೊತ್ತಾಯ್ತು, ಚೆಂಡೂ ಸರಿ ಇದೆ, ನೆಲಾನೂ ಸರಿ ಇದೆ, ನನ್ನ ಕಾಲೇ ಹಾಗೆ ಅಂತ.” ಅವಳು ಚೆಂಡನ್ನು ಕೆಳಗಿಟ್ಟಳು. “ನಮ್ಮ ಮೈದಾನದಲ್ಲಿ ಗೋಡೆ ಕಡೆ ಒದ್ರೆ ಚೆಂಡು ತಾನಾಗೇ ಬಲಕ್ಕೆ ಇಳಿಯತ್ತೆ. ಅದಕ್ಕೆ ನಾವೆಲ್ಲ ಸ್ವಲ್ಪ ಎಡಕ್ಕೇ ಒದೀತೀವಿ. ಹಾಗೆ ಒದೀತಿದೀವಿ ಅಂತ ನಮಗೇ ಗೊತ್ತಿರ್ಲಿಲ್ಲ.”

“ನಮ್ಮ ಮೈದಾನದಲ್ಲಿ ಒಂದು ಹನಿ ನೀರು ಸಹ...” ಸುಣ್ಣಪ್ಪನ ನಾಲಿಗೆ ಅಭ್ಯಾಸಬಲದಿಂದ ಶುರುಮಾಡಿ ಅರ್ಧಕ್ಕೆ ನಿಂತಿತು.

“ನಿಲ್ಲಲ್ಲ. ಸರಿ. ನಿಲ್ಲದ ನೀರು ಎಲ್ಲಿಗೆ ಹೋಗತ್ತೆ ಅಂತ ಯಾವತ್ತಾದ್ರೂ ಕೇಳ್ಕೊಂಡ್ರಾ?” ಅಂದಳು ಹೆಂಡತಿ, ಮೆಲ್ಲಗೆ.

ಎಲ್ಲಿಗೆ ಹೋಗುತ್ತದೆಂದು ಅವನಿಗೆ ಗೊತ್ತಿತ್ತು. ಬಲಬದಿಯ ಚರಂಡಿಗೆ. ಪ್ರತಿ ಮಳೆಗಾಲ ಆ ಚರಂಡಿಯ ಹೂಳು ತೆಗೆಯುವವನು ಅವನೇ.

ಬೆಳಿಗ್ಗೆ ಅವನು ಗಾರೆಯವನೊಬ್ಬನಿಂದ ನೀರು ತುಂಬಿದ ಪಾರದರ್ಶಕ ಕೊಳವೆ ತಂದ. ಒಂದು ತುದಿ ಅವನ ಕೈಯಲ್ಲಿ, ಇನ್ನೊಂದು ಗುಬ್ಬಿಯ ಕೈಯಲ್ಲಿ. ನೀರು ಎರಡೂ ತುದಿಯಲ್ಲಿ ಒಂದೇ ಮಟ್ಟಕ್ಕೆ ನಿಲ್ಲುತ್ತದೆ. ಅದಕ್ಕೆ ಯಾರ ಹಂಗೂ ಇಲ್ಲ. ಕೊಳವೆ ಮೈದಾನದ ಅಗಲದಷ್ಟು ಉದ್ದ ಇರಲಿಲ್ಲವಾದ್ದರಿಂದ ಎಡಗೆರೆಯಿಂದ ಬಲಗೆರೆಗೆ ತುಂಡುತುಂಡಾಗಿ ಅಳೆಯುತ್ತ ಹೋದರು. ಪ್ರತಿ ಸಲ ನೆಲ ಎಷ್ಟು ಇಳಿದಿದೆಯೋ ಅಷ್ಟನ್ನು ಗುಬ್ಬಿ ಒಂದು ಕೋಲಿನ ಮೇಲೆ ಒಂದರ ಮೇಲೊಂದು ಗುರುತು ಮಾಡಿದಳು. ಪ್ರತಿ ತುಂಡಿಗೂ ಗೇಣಿಗೆ ತುಸು ಕಡಿಮೆ. ಕಣ್ಣಿಗೆ ಏನೂ ಅನ್ನಿಸದಷ್ಟು. ಚರಂಡಿಯ ಬದಿಗೆ ಬಂದು ಕೋಲನ್ನು ನೆಟ್ಟಗೆ ನಿಲ್ಲಿಸಿದಾಗ ಕೊನೆಯ ಗುರುತು ಅವಳ ಸೊಂಟಕ್ಕೆ ಬಂದಿತ್ತು.

ಸುಣ್ಣಪ್ಪ ತಿರುಗಿ ತನ್ನ ಗೋಲಿನ ಕಡೆ ನೋಡಿದ. ಅಡ್ಡಪಟ್ಟಿ ನೆಲಕ್ಕೆ ಸರಿಯಾಗಿತ್ತು. ನೀಲಿ ಪಟ್ಟಿಯೂ ನೆಲಕ್ಕೆ ಸರಿಯಾಗಿತ್ತು. ನೆಲವನ್ನೇ ನಂಬಿ ಎಲ್ಲವನ್ನೂ ಅಳೆದಿದ್ದ.

“ಎಲ್ಲ ಮಕ್ಕಳ ಕಾಲನ್ನೂ ಹಾಳುಮಾಡಿದೆನಲ್ಲೇ.”

“ಹಾಳೇನೂ ಆಗಿಲ್ಲಪ್ಪ. ಸ್ವಲ್ಪ ವಾಲಿದೆ ಅಷ್ಟೇ.” ಗುಬ್ಬಿ ಅವನ ಪಕ್ಕ ಗೆರೆಯ ಮೇಲೆ ಕೂತಳು. ಲಂಗಕ್ಕೆ ಸುಣ್ಣ ಹತ್ತಿತು. “ಇದಕ್ಕೇ ನಾನು ಹೇಳ್ಲಿಲ್ಲ. ನೀನು ಹೀಗೆ ಮುಖ ಮಾಡ್ತೀಯ ಅಂತ.”

“ಮತ್ತೆ ಹುಲ್ಲು?”

“ಹುಲ್ಲೂ ದಪ್ಪಾನೇ ಇತ್ತು. ಅದು ಸುಳ್ಳಲ್ಲ.”

ಅವನಿಗೆ ನಗು ಬಂತು. ಅವಳ ತಲೆಯ ಮೇಲೆ ಕೈಯಿಟ್ಟ. ಕೂದಲಲ್ಲಿ ಬಿಳಿಯ ಅಂಗೈ ಮೂಡಿತು. “ಬರೋ ವರ್ಷ ಹೋಗ್ತೀಯಾ?”

“ನೀನು ಬೇಡ ಅಂತೀಯ ಅಂತ ಅಮ್ಮ ಹೇಳಿದ್ಲು.”

“ನಿಮ್ಮಮ್ಮ ಹೇಳೋದೆಲ್ಲ ನಿಜ ಆಗೋದಿಲ್ಲ. ಆಗತ್ತೆ, ಆದ್ರೆ ಇದೊಂದು ಆಗಲ್ಲ.”

ಶನಿವಾರ ಅವನು ಕೋಚ್ ಮೇಡಂಗೆ ಕಳಿಸುತ್ತೇನೆ ಎಂದ. ಸೋತು ಬಂದ ಮೇಲೂ ಇಷ್ಟು ಬೇಗ ಒಪ್ಪಿದಿರಲ್ಲ ಎಂದು ಅವರು ಕೇಳಿದಾಗ, ಕೋಲು ತಂದು ತೋರಿಸಿದ. ಮೇಡಂ ಆ ಗುರುತುಗಳನ್ನು ಬಹಳ ಹೊತ್ತು ನೋಡಿದರು. “ಭಯ ಪಡ್ಬೇಡಿ ಅಂತ ಮಕ್ಕಳಿಗೆ ಎಷ್ಟು ಬೈದೆ,” ಎಂದರು.

“ನಾನು ಗಾದೆ ಹೇಳ್ಕೊಂಡು ಬಂದೆ. ಇಬ್ರದೂ ಸಮ ಆಯ್ತು ಬಿಡಿ. ಇಷ್ಟು ತಿಳಿಯೋಕೆ ಆ ಮಕ್ಕಳು ಅಷ್ಟು ದೂರ ಹೋಗಿ ಬರ್ಬೇಕಾಯ್ತು.”

ಅಷ್ಟು ಮಣ್ಣು ತುಂಬಿ ಮೈದಾನ ಎತ್ತರಿಸುವುದು ಕ್ಲಬ್ಬಿನ ಕೈಲಾಗದ ಮಾತು. ಸುಣ್ಣಪ್ಪ ಹಳೆಯ ಬಲೆಗಳನ್ನೆಲ್ಲ ಕೂಡಿಸಿ, ಗೋದಾಮಿನ ದಾರದಿಂದ ಗಂಟು ಹಾಕಿ, ರಸ್ತೆಯ ಕಡೆಯ ಗೋಲಿನ ಹಿಂದೆ ಎತ್ತರಕ್ಕೆ ಕಟ್ಟಿದ. ಆ ಕಡೆ ಮುಖ ಮಾಡಿದರೆ ಇಳಿಜಾರು ಎಡಕ್ಕೆ. ಒಂದು ದಿನ ಗೋಡೆಗೆ, ಒಂದು ದಿನ ರಸ್ತೆಗೆ ಒದ್ದರೆ ಕಾಲು ಎರಡನ್ನೂ ಕಲಿಯುತ್ತದೆ, ಕೊನೆಗೆ ಯಾವುದನ್ನೂ ನಂಬದೆ ನೋಡಿ ಒದೆಯುತ್ತದೆ ಎಂಬುದು ಅವನ ಲೆಕ್ಕ.

ಮೊದಲ ಸಂಜೆ ರಸ್ತೆಯ ಕಡೆಗೆ ಮೊದಲ ಚೆಂಡು ಗುಬ್ಬಿಯದು. ಕಾಲು ಹಳೆಯ ಚಾಳಿಯಂತೆ ಎಡಕ್ಕೆ ಒದೆಯಿತು, ನೆಲ ಇನ್ನಷ್ಟು ಎಡಕ್ಕೆ ಎಳೆಯಿತು. ಚೆಂಡು ಗೋಲನ್ನೂ ಬಿಟ್ಟು, ಬಲೆಯನ್ನೂ ಬಿಟ್ಟು, ಚರಂಡಿ ಹಾರಿ ಕ್ಷೌರದಂಗಡಿಯ ಮುಂದಿನ ಬೆಂಚಿಗೆ ಬಡಿಯಿತು. ಕ್ಷೌರಿಕ ಹೊರಬಂದು ಚೆಂಡನ್ನು ಕಂಕುಳಲ್ಲಿ ಇರುಕಿಕೊಂಡ.

“ಏನೇ ಗುಬ್ಬಿ, ಹೊರದೇಶಕ್ಕೆ ಹೋಗಿ ಕಲ್ತು ಬಂದಿದ್ದು ಇದೇನಾ? ಇಲ್ಲಾ, ನೆಲ ಡೊಂಕಾ?”

ಗುಬ್ಬಿ ಅಪ್ಪನತ್ತ ನೋಡಿದಳು. ಸುಣ್ಣಪ್ಪ ಸುಣ್ಣದ ಡಬ್ಬಿಯನ್ನು ಕೆಳಗಿಟ್ಟು ಸೊಂಟ ನೆಟ್ಟಗೆ ಮಾಡಿದ.

“ಹೌದು ಕಣಯ್ಯಾ, ಡೊಂಕು. ನಾನೇ ಅಳೆದು ನೋಡಿದೀನಿ. ಚೆಂಡು ಕೊಡು, ಮಗು ಕಾಯ್ತಿದೆ.”