ಇಂಜಿನ್ನಿನ ಬಿಸಿ ಎಲ್ಲಿಗೆ ಹೋಯಿತು?

ಇದನ್ನು ನಂಬಿ ಎಂದು ನಾನು ಯಾರಿಗೂ ಗಂಟು ಬೀಳುವುದಿಲ್ಲ. ಆದರೆ ನಡೆದದ್ದು ನಡೆದಿದೆ. ನನ್ನ ಕಸುಬು ಕಣ್ಣು ಪರೀಕ್ಷೆ ಮಾಡಿ ಕನ್ನಡಕ ಕೊಡುವುದು. ಇಲ್ಲದ್ದನ್ನು ಕಂಡೆ ಎಂದು ಹೇಳಿಕೊಂಡು ತಿರುಗಿದರೆ ನನ್ನ ಹತ್ತಿರ ಯಾರು ಬರುತ್ತಾರೆ? ಅಷ್ಟಕ್ಕೂ ಆ ರಾತ್ರಿ ನಾನು ಕಣ್ಣಿಂದ ಕಂಡದ್ದು ಕಡಿಮೆ. ಗೊತ್ತಾದದ್ದೆಲ್ಲ ಅಂಗೈಗೆ...

ನನ್ನ ಅಂಗಡಿ ಎಂದರೆ ಹರಾಜಿನಲ್ಲಿ ಹಿಡಿದ ಒಂದು ಹಳೆಯ ವ್ಯಾನು. ಒಳಗೆ ಮಂಚ, ಗ್ಯಾಸ್ ಒಲೆ, ಫ್ಯಾನು, ಅಕ್ಷರ ಓದಿಸುವ ಬೋರ್ಡು. ತಿಂಗಳಲ್ಲಿ ಇಪ್ಪತ್ತು ದಿನ ನಾನೂ ನನ್ನ ಹೆಂಡತಿ ಸುಮಿತ್ರಾನೂ ಅದರಲ್ಲೇ ಸಂಸಾರ ಮಾಡುತ್ತೇವೆ. ಬೀದರಿನ ಮೈಲೂರು ಬಡಾವಣೆಯ ಮನೆ ಹೆಸರಿಗೆ ಮಾತ್ರ.

ಅವತ್ತು ಎಕಂಬಾದಲ್ಲಿ ಕೆಲಸ ಮುಗಿಸಿ ಬೀದರಿಗೆ ಹೊರಟಾಗ ಕತ್ತಲಾಗಿತ್ತು. ಸುಮಿತ್ರಾ ಹಿಂದೆ ಮಂಚದ ಮೇಲೆ ಅಡ್ಡಾಗಿದ್ದಳು. ಔರಾದ ದಾಟಿದ ಮೇಲೆ ಬ್ಯಾಟರಿಯ ಕೆಂಪು ದೀಪ ಹತ್ತಿಕೊಂಡಿತು. ಹೆಡ್‌ಲೈಟು ಹಳದಿಯಾಗುತ್ತ ಬಂತು. ಆಮೇಲೆ ಸುಟ್ಟ ರಬ್ಬರಿನ ವಾಸನೆ... ನೋಡಿದರೆ ಬಿಸಿಯ ಮುಳ್ಳು ಕೆಂಪು ಗೆರೆ ಮುಟ್ಟಿತ್ತು. ಗಾಡಿ ಬದಿಗೆ ನಿಲ್ಲಿಸಿದೆ.

ಬೀದರಿನ ನಮ್ಮ ಮೆಕ್ಯಾನಿಕ್ ಗೌಸ್ ಭಾಯಿಗೆ ಫೋನು ಹಚ್ಚಿದೆ. ನನ್ನನ್ನು ಡಾಕ್ಟರ್ ಸಾಬ್ ಎಂದು ಕರೆಯುವುದು ಅವನ ಚೇಷ್ಟೆ.

“ಡೈನಮೋ, ನೀರಿನ ಪಂಪು, ಎರಡೂ ಒಂದೇ ಬೆಲ್ಟ್ ಮ್ಯಾಲ ತಿರಗತಾವ್ರಿ ಡಾಕ್ಟರ್ ಸಾಬ್. ಬೆಲ್ಟ್ ಢೀಲಾ ಆಗ್ಯಾದ. ಟೈಟ್ ಮಾಡ್ರಿ. ಇಂಜಿನ್ ಆರಿದ ಮ್ಯಾಲ ನೀರು ಹಾಕ್ರಿ. ಈಗೇ ಮುಚ್ಚಳ ಬಿಚ್ಚಿದ್ರ ಮಾರಿ ಸುಟ್ಕೋತೀರಿ, ನೋಡ್ರಿ.”

“ಮುಳ್ಳು ಕೆಳಗ ಇಳದ್ರ ಸಾಕಲ್ಲ?”

“ಕರೆಂಟ್ ಕಮ್ಮಿ ಇದ್ದಾಗ ಮುಳ್ಳು ಸುಳ್ಳು ಹೇಳ್ತದ. ಕೈ ಹಚ್ಚಿ ನೋಡ್ರಿ.”

ಬೋನಟ್ ಎತ್ತಿ, ಟಾರ್ಚು ಬಾಯಲ್ಲಿ ಕಚ್ಚಿಕೊಂಡು ಬೆಲ್ಟ್ ಬಿಗಿ ಮಾಡಿದೆ. ಕುಡಿಯುವ ನೀರಿನ ಕ್ಯಾನು ಸಂಜೆಯೇ ಖಾಲಿಯಾಗಿತ್ತು. ರಸ್ತೆಯಿಂದ ನೂರು ಹೆಜ್ಜೆ ಒಳಗೆ ಕಲ್ಲು ಕಟ್ಟಿದ ಒಂದು ಬಾವಿ. ಹಗ್ಗ, ಬಕೀಟು ಅಲ್ಲೇ ಇದ್ದವು. ಎರಡು ಸಲ ಓಡಾಡಿ ರೇಡಿಯೇಟರ್ ತುಂಬಿಸಿದೆ. ನೀರಿಗೆ ಬಹಳ ದಿನ ಬಾಗಿಲು ಹಾಕಿದ್ದ ಕೋಣೆಯ ವಾಸನೆ ಇತ್ತು. ಹಳೆ ಬಾವಿ, ಇರುತ್ತದೆ ಬಿಡು ಅಂದುಕೊಂಡೆ.

ಹೊರಟೆವು. ಕೆಂಪು ದೀಪ ಆರಿತು. ಹೆಡ್‌ಲೈಟು ಬೆಳ್ಳಗೆ ಬೀಳತೊಡಗಿತು. ಮುಳ್ಳು ಇಳಿಯಿತು... ಇಳಿಯುತ್ತ ಇಳಿಯುತ್ತ ತಳಕ್ಕೇ ಹೋಗಿ ಕೂತಿತು. ನನಗೋ ಖುಷಿ. ನಾನೂ ಅರ್ಧ ಮೆಕ್ಯಾನಿಕ್ ಆದೆ ಎಂದು ಬೀಗಿದೆ.

ಹತ್ತು ನಿಮಿಷ ಆಗಿರಬಹುದು. ಹಿಂದಿನಿಂದ ಸಣ್ಣ ದನಿ ಬಂತು.

“ರೀ... ಮೈ ಸುಡ್ಲತ್ತದ.”

ಗಾಡಿ ನಿಲ್ಲಿಸಿ ಹಣೆ ಮುಟ್ಟಿದೆ. ಕೈ ಹಿಂದಕ್ಕೆ ಎಳೆದುಕೊಂಡೆ. ಸಂಜೆ ಜೋಳದ ರೊಟ್ಟಿ ಬಡಿದು, ನಗುನಗುತ್ತ ಊಟಕ್ಕೆ ಬಡಿಸಿದವಳು! ಒಣಗಿದ ತುಟಿ, ಕೆಂಪು ಕಣ್ಣು, ಗೊರಗೊರ ಉಸಿರು. ಬಾಟಲಿಯ ತಳದಲ್ಲಿ ಉಳಿದಿದ್ದ ಒಂದು ಗುಟುಕು ನೀರಿನಿಂದ ಬಟ್ಟೆ ಒದ್ದೆ ಮಾಡಿ ಹಣೆಗೆ ಇಟ್ಟು ಪಕ್ಕದಲ್ಲಿ ಕೂತೆ. ಇಂಜಿನ್ ಬಂದ್ ಇತ್ತು. ಸ್ವಲ್ಪ ಹೊತ್ತಿಗೆ ಬೆವರೊಡೆದು ಜ್ವರ ಇಳಿಯಿತು. “ಈಗ ಹಗೂರ ಅನಸ್ತದ್ರಿ” ಅಂದಳು. ಏನೋ ಉಷ್ಣ ಎಂದುಕೊಂಡು ಮತ್ತೆ ಹೊರಟೆ.

ಎರಡು ಕಿಲೋಮೀಟರು ಹೋಗಿರಲಿಲ್ಲ. ಅವಳು ನರಳತೊಡಗಿದಳು. ಈ ಸಲ ನನ್ನ ಹೆಸರು ಹಿಡಿದು ಕರೆದಳು. ಮದುವೆಯಾಗಿ ಹದಿನೆಂಟು ವರ್ಷದಲ್ಲಿ ಅವಳು ನನ್ನ ಹೆಸರು ಹಿಡಿದವಳಲ್ಲ.

ನಿಲ್ಲಿಸಿದೆ. ಈ ಸಲ ಇಂಜಿನ್ ಬಂದ್ ಮಾಡಲಿಲ್ಲ. ಯಾಕೋ ಗೊತ್ತಿಲ್ಲ, ಮೊದಲು ಬೋನಟ್ ಎತ್ತಿ ರೇಡಿಯೇಟರಿಗೆ ಅಂಗೈ ಹಚ್ಚಿದೆ. ತಣ್ಣಗಿತ್ತು. ಮೇಲಿನ ಪೈಪು ತಣ್ಣಗೆ, ಕೆಳಗಿನದೂ ತಣ್ಣಗೆ. ಹೆದರುತ್ತ ಇಂಜಿನ್ನನ್ನೇ ಮುಟ್ಟಿದೆ... ಗಡಗಡ ಓಡುತ್ತಿರುವ ಇಂಜಿನ್, ಬೆಳಗಿನ ಜಾವದ ಕಲ್ಲಿನ ಹಾಗೆ ಕೊರೆಯುತ್ತಿತ್ತು.

ಮತ್ತೆ ಗೌಸ್ ಭಾಯಿ. ಫೋನಿನಲ್ಲಿ ಎರಡು ಪರ್ಸೆಂಟ್ ಚಾರ್ಜು.

“ಅದು ಆಗಲ್ರೀ,” ಎಂದ. ಚೇಷ್ಟೆಯ ದನಿ ಇರಲಿಲ್ಲ. “ಡೀಸೆಲ್ ಸುಡ್ಲತ್ತದ ಅಂದ್ರ ಬಿಸಿ ಎಲ್ಲಿಗರೆ ಹೋಗಬೇಕಲ್ಲ? ಮತ್ತ ಎಲ್ಲಿ ಹೋಗ್ಲತ್ತದ ಅದು?”

ಫೋನು ಸತ್ತಿತು.

ಒಳಗೆ ಓಡಿ ಅವಳ ಹಣೆಗೆ ಕೈಯಿಟ್ಟೆ. ಎಲ್ಲಿಗೆ ಹೋಗುತ್ತಿದೆ ಎಂದು ನನ್ನ ಅಂಗೈಗೆ ತಿಳಿಯಿತು.

ಈಗ ನಿಜ ಹೇಳುತ್ತೇನೆ, ಬೈಯಬೇಡಿ. ನಾನು ತಕ್ಷಣ ಆ ನೀರು ಬಿಡಲಿಲ್ಲ. ಬೀದರಿನ ಆಸ್ಪತ್ರೆಗೆ ಮುಕ್ಕಾಲು ಗಂಟೆಯ ದಾರಿ. ಈ ನೀರಿದ್ದರೆ ಇಂಜಿನ್ ಬಿಸಿಯೇರುವುದಿಲ್ಲ, ಎಷ್ಟು ತುಳಿದರೂ ಓಡುತ್ತದೆ. ನೀರು ಬಿಟ್ಟರೆ ಈ ಬಯಲಲ್ಲಿ ಗಾಡಿಯೂ ಇಲ್ಲ, ಫೋನೂ ಇಲ್ಲ, ಜ್ವರದ ಹೆಂಡತಿ. ಬಿಡದಿದ್ದರೆ ಮುಕ್ಕಾಲು ಗಂಟೆ ಅವಳು ತಾಳುತ್ತಾಳೆಯೇ? ಒಂದು ಕೈ ಅವಳ ಹಣೆಯ ಮೇಲಿಟ್ಟುಕೊಂಡೇ ನಿಂತಿದ್ದೆ. ಅವಳು ಕಣ್ಣು ಮೇಲೆ ಮಾಡಿದಳು. ಬಿಳಿ ಗುಡ್ಡೆ ಮಾತ್ರ ಕಂಡಿತು.

ಹೊರಗೆ ಜಿಗಿದು ಇಂಜಿನ್ ಕೆಳಗೆ ತೂರಿ ರೇಡಿಯೇಟರಿನ ನಲ್ಲಿ ತಿರುಗಿಸಿದೆ. ನೀರು ಕೈಮೇಲೆ ತಣ್ಣಗೆ ಹರಿಯಿತು. ಆದರೆ ನೆಲಕ್ಕೆ ಬಿದ್ದ ಕೂಡಲೇ ಕೊತಕೊತ ಕುದ್ದು ಹಬೆ ಎದ್ದಿತು. ಬಾಗಿಲು ಹಾಕಿದ ಕೋಣೆಯ ಅದೇ ವಾಸನೆ... ಉಸಿರು ಬಿಗಿಹಿಡಿದು ಕೊನೆಯ ಹನಿಯವರೆಗೂ ಬಿಟ್ಟೆ. ಇಂಜಿನ್ ಹೊಡೆದುಕೊಂಡು, ಕಾದು, ತಾನಾಗಿಯೇ ನಿಂತಿತು.

ಒಳಗೆ ಬಂದಾಗ ಸುಮಿತ್ರಾ ಎದ್ದು ಕೂತಿದ್ದಳು. ಮೈ ತಣ್ಣಗಿತ್ತು. ಅವಳನ್ನು ತಬ್ಬಿಕೊಂಡು ನಾನು ಸಣ್ಣ ಹುಡುಗನ ಹಾಗೆ ಅತ್ತೆ.

“ಯಾಕ್ರಿ ಅಳ್ತೀರಿ? ನಾ ಹ್ಞೂಂ ಅಂದಿದ್ದಕ್ಕ ಆಗಿದ್ದು ಅಲ್ಲ?”

“ಯಾವುದಕ್ಕ ಹ್ಞೂಂ ಅಂದಿ?”

“ನೀವೇ ಕೇಳಿದ್ರಲ್ಲ? ‘ಗಾಡಿ ಭಾಳ ಕಾಯ್ಲತ್ತದ, ಸ್ವಲ್ಪ ನೀ ತಗೋತಿ ಏನು’ ಅಂತ.”

“ಯಾವಾಗ?”

“ಬೋನಟ್ ಎತ್ತಿತ್ತು. ನೀವು ಸೀಟಿನ ಮ್ಯಾಲ ಕುಂತಿದ್ರಿ.”

ಬೋನಟ್ ಎತ್ತಿದ್ದಾಗ ನಾನು ಬಕೀಟು ಹಿಡಿದು ಗಾಡಿಯ ಮುಂದೆ ನಿಂತಿದ್ದೆ. ಅವಳಿಗೆ ಹೇಳಲಿಲ್ಲ. ಬೆಳಗಾಗುವವರೆಗೂ ಇಬ್ಬರೂ ಗಾಡಿಯ ಹೊರಗೆ, ರಸ್ತೆಯ ಆಚೆ ಬದಿಗೆ ಚಾದರ ಹೊದ್ದು ಕೂತೆವು.

ಬೆಳಿಗ್ಗೆ ಕಬ್ಬಿನ ಟ್ರ್ಯಾಕ್ಟರಿನವನೊಬ್ಬ ತನ್ನ ಕ್ಯಾನಿನ ನೀರು ಕೊಟ್ಟ. ಇಂಜಿನ್ ಚಾಲೂ ಆಯಿತು, ಮುಳ್ಳು ನಡುಮಧ್ಯಕ್ಕೆ ಬಂದು ನಿಂತಿತು. ಬೀದರಿನ ಡಾಕ್ಟರು ರಕ್ತ ಪರೀಕ್ಷೆ ಮಾಡಿ ಏನೂ ಇಲ್ಲ ಎಂದರು. ಗೌಸ್ ಭಾಯಿ ರೇಡಿಯೇಟರ್, ಪಂಪು, ಬೆಲ್ಟ್ ಎಲ್ಲ ಹೊಸದು ಹಾಕಿದ. ಆ ದಾರಿಯಲ್ಲಿ ಹಗಲು ಹೋಗಿಯೂ ನೋಡಿದ್ದೇನೆ. ಬಾವಿ ಅಲ್ಲೇ ಇದೆ. ಜನ ನೀರು ಸೇದುತ್ತಾರೆ, ಎಮ್ಮೆ ಮೈ ತೊಳೆಯುತ್ತಾರೆ. ಕೇಳಿದರೆ ಏನೂ ಇಲ್ಲ ಬಿಡ್ರಿ ಎನ್ನುತ್ತಾರೆ.

ಅಂದಿನಿಂದ ಒಂದು ರೂಢಿ ಮಾಡಿಕೊಂಡಿದ್ದೇನೆ. ಮುಳ್ಳು ಸ್ವಲ್ಪ ಏರಿದರೂ ಸಾಕು, ಬಾಯಿ ಮುಚ್ಚದೆ ಮಾತಾಡುತ್ತೇನೆ. ಬಾಯಿಗೆ ಬಂದದ್ದು, ಜೋರಾಗಿ. ನನ್ನ ದನಿಯಲ್ಲಿ ಬೇರೆ ಯಾರೂ ಅವಳನ್ನು ಏನೂ ಕೇಳಬಾರದು, ಅಷ್ಟೇ.

ಹೋದ ವಾರ ಭಾಲ್ಕಿಯಿಂದ ಬರುವಾಗ ಒಂದು ಏರಿನಲ್ಲಿ ಮುಳ್ಳು ಅಲುಗಿತು. ನಾನು ತೊಗರಿ ರೇಟು, ಮೈಲೂರಿನ ನಲ್ಲಿ ನೀರು, ಏನೇನೋ ಒದರುತ್ತ ಹೊರಟಿದ್ದೆ. ಹಿಂದಿನಿಂದ ಸುಮಿತ್ರಾ ಬೇಸರದಿಂದ ಅಂದಳು:

“ಸ್ವಲ್ಪ ಸುಮ್ನಿರ್ರಿ. ಇಬ್ಬರೂ ಒಮ್ಮಿಗೇ ಮಾತಾಡಿದ್ರ ನನಗ ಹ್ಯಾಂಗ ತಿಳೀಬೇಕು?”