ಮೂರನೆಯ ಪಂಪಿನ ಎರಡು ಸ್ಥಿತಿ

ನೀರು ಸರಬರಾಜು ಕಚೇರಿಯಲ್ಲಿ ಎಲ್ಲರಿಗೂ ಆಕೆ ‘ಅಕ್ಕ’. ಇಪ್ಪತ್ತಾರು ವರ್ಷಗಳ ಸೇವೆಯಲ್ಲಿ ಆಕೆ ಒಂದು ಗಂಟೆ ನೆಟ್ಟಗೆ ಕುರ್ಚಿಯಲ್ಲಿ ಕುಳಿತದ್ದನ್ನು ಕಂಡವರಿಲ್ಲ. ಯೋಚನೆ ಹತ್ತಿದರೆ ಎದ್ದು ಕಾರಿಡಾರ್ ಅಳೆಯುತ್ತಿದ್ದರು.

ಪಂಪುಗಳ ಸ್ಥಿತಿಯನ್ನು ಪರದೆಯ ಮೇಲೆ ತೋರಿಸುವ ಪ್ರೋಗ್ರಾಮನ್ನು ಲಿಸ್ಪ್ ಎಂಬ ಹಳೆಯ ಕಂಪ್ಯೂಟರ್ ಭಾಷೆಯಲ್ಲಿ ಬರೆದವರು ಆಕೆಗೆ ಕೆಲಸ ಕಲಿಸಿ ನಿವೃತ್ತರಾದ ಎಂಜಿನಿಯರ್. ಆ ಲಿಸ್ಪ್‌ಗೆ ಇಂಗ್ಲಿಷಿನ ದೊಡ್ಡಕ್ಷರ, ಚಿಕ್ಕಕ್ಷರಗಳ ಭೇದವಿರಲಿಲ್ಲವಾದ್ದರಿಂದ ಅವರು ಒಂದೇ ಹೆಸರನ್ನು ಬೆರಳು ಬಿದ್ದ ಹಾಗೆ ಟೈಪು ಮಾಡಿದ್ದರು. ಬ್ರೌಸರಿನಲ್ಲಿ ಓಡಲೆಂದು ಅಕ್ಕ ಅದನ್ನು ಬ್ರೌಸರ್ ಅರಿಯುವ ಭಾಷೆಯಾದ ಜಾವಾಸ್ಕ್ರಿಪ್ಟ್‌ಗೆ ತಿರುಗಿಸುವ ಕಂಪೈಲರ್ ಕಟ್ಟಿದರು. ಜಾವಾಸ್ಕ್ರಿಪ್ಟ್‌ನಲ್ಲಿ ಒಂದಕ್ಷರ ದೊಡ್ಡದಾದರೂ ಅದು ಬೇರೆಯೇ ಹೆಸರು. ಮೊದಲು ಎಲ್ಲವನ್ನೂ ಚಿಕ್ಕಕ್ಷರಕ್ಕೆ ಇಳಿಸಿದರು. ನಡುವೆ ದೊಡ್ಡಕ್ಷರವಿದ್ದ ಬ್ರೌಸರಿನ ಸ್ವಂತ ಹೆಸರುಗಳು ಅದಕ್ಕೇ ಗುರುತು ಸಿಗದೆ ಕೈಕೊಟ್ಟವು. ಆಮೇಲೆ ಬರೆದದ್ದನ್ನು ಬರೆದಂತೆಯೇ ಉಳಿಸಿದರು, ಓಡಿತು. ‘ಸಿದ್ಧ’ ಎಂದು ವರದಿ ಕೊಟ್ಟರು. ಇದು ಸರಿಹೋಗದಿದ್ದರೆ ಹಳೆಯ ಪ್ರೋಗ್ರಾಮನ್ನೇ ಬಿಸಾಡುವುದಾಗಿ ಸಾಹೇಬರು ಮೊದಲೇ ಹೇಳಿದ್ದರು.

ಹಳೆಯ ಪರದೆಯನ್ನು ಕಳಚಲು ಅರ್ಧ ಗಂಟೆಯಿದೆ ಎನ್ನುವಾಗ ಪಂಪ್ ಆಪರೇಟರ್ ಬಾಗಿಲಲ್ಲಿ ನಿಂತ.

“ಅಕ್ಕಾ, ನಿಮ್ಮ ಹೊಸ ಪರದೇಲಿ ಮೂರನೇ ಪಂಪು ನಿದ್ದೆ ಮಾಡ್ತಿದೆ. ಕೆಳಗೆ ನೋಡಿದ್ರೆ ಗಂಟಲು ಹರ್ಕೊಂಡು ಓಡ್ತಿದೆ. ಯಾರನ್ನ ನಂಬ್ಲಿ?”

“ಪಂಪನ್ನೇ ನಂಬು,” ಎಂದರು ಅಕ್ಕ, ಆಗಲೇ ಪ್ರೋಗ್ರಾಮನ್ನು ತೆರೆಯುತ್ತ.

ಕಾರಣ ಬೇಗ ಸಿಕ್ಕಿತು. ಪಂಪಿನ ಸ್ಥಿತಿಯನ್ನು ಚಿಕ್ಕಕ್ಷರದ ಹೆಸರಿನಲ್ಲಿ ಆರಂಭಿಸಿದ್ದ ಹಿರಿಯ ಎಂಜಿನಿಯರ್ ಬೇರೊಂದು ಸಾಲಿನಲ್ಲಿ ಅದೇ ಹೆಸರನ್ನು ದೊಡ್ಡಕ್ಷರದಲ್ಲಿ ಬರೆದು ಸ್ಥಿತಿ ಬದಲಿಸಿದ್ದರು. ಲಿಸ್ಪ್‌ಗೆ ಒಂದೇ ಆಗಿದ್ದದ್ದನ್ನು ಅಕ್ಕನ ಕಂಪೈಲರ್ ಎರಡು ಮಾಡಿತ್ತು; ಬದಲಾಗದೆ ಉಳಿದದ್ದೇ ಪರದೆಗೆ ಬರುತ್ತಿತ್ತು. ಇಂಥವು ಇನ್ನೆಷ್ಟಿವೆಯೋ.

ಸಾಹೇಬರ ಕೋಣೆಗೆ ಓಡಿದರು. “ಸರ್, ಹಳೇ ಪರದೆ ಇವತ್ತು ತೆಗೀಬೇಡಿ. ತಪ್ಪು ನಂದು.”

“ಸಿದ್ಧ ಅಂತ ಬರೆದವರು ಯಾರಮ್ಮ, ನಾನಾ?”

“ನಾನೇ. ಪ್ರೋಗ್ರಾಮಿನ ಒಳಗಿನ ಹೆಸರುಗಳಿಗೆ ಹಳೇ ನಿಯಮವೇ ಇರ್ಲಿ, ದೊಡ್ಡಕ್ಷರ ಚಿಕ್ಕಕ್ಷರ ಎರಡೂ ಒಂದೇ. ಬ್ರೌಸರಿನ ಹೆಸರಿಗೆ ಮಾತ್ರ ಎರಡೂ ಕಡೆ ಒಂದೊಂದು ನಿಂತ ಗೆರೆ ಹಾಕ್ತೀನಿ. ಗೆರೆ ಒಳಗಿದ್ದದ್ದನ್ನ ಕಂಪೈಲರ್ ಮುಟ್ಟಲ್ಲ.”

“ಅಂಥವು ಎಷ್ಟು?”

“ನಾನೂರ ಹನ್ನೆರಡು. ಒಂದೊಂದನ್ನೂ ಕಣ್ಣಲ್ಲೇ ನೋಡ್ಬೇಕು.”

ಸಾಹೇಬರು ಕನ್ನಡಕ ತೆಗೆದು ಮೂಗು ಉಜ್ಜಿಕೊಂಡರು. “ಶುಕ್ರವಾರದವರೆಗೆ. ಆಮೇಲೆ ಹೊರಗಿನವರನ್ನ ಕರೆಸಿ ಹೊಸದು ಬರೆಸ್ತೀನಿ.”

ಆ ನಾಲ್ಕು ದಿನ ಅಕ್ಕ ಯಾರ ಕೈಗೂ ಸಿಗಲಿಲ್ಲ. ಊಟಕ್ಕೆ ಕರೆದವರಿಗೆ ಗೆರೆಗಳ ಲೆಕ್ಕ ಹೇಳಿ ಕಳಿಸುತ್ತಿದ್ದರು. ಶುಕ್ರವಾರ ಬೆಳಿಗ್ಗೆ ಆಪರೇಟರ್ ಕೆಳಗಿನಿಂದ ಫೋನಿನಲ್ಲಿ ಒಂಬತ್ತು ಪಂಪುಗಳ ಸ್ಥಿತಿಯನ್ನು ಸಾಲಾಗಿ ಹೇಳಿದ. ಅಕ್ಕ ಪರದೆಯ ಮೇಲೆ ಬೆರಳಿಟ್ಟು ತಾಳೆ ನೋಡಿದರು. ಒಂಬತ್ತೂ ಹೊಂದಿದವು.

“ಹಾಗಾದ್ರೆ ಸಿದ್ಧ ಅಂತ ಸಾಹೇಬ್ರಿಗೆ ಹೇಳ್ಬಿಡ್ಲಾ ಅಕ್ಕಾ?”

“ತಡಿಯಪ್ಪ. ಸ್ಥಿತಿ ಬದಲಾದ್ರೆ ಪರದೇಲೂ ಬದಲಾಗುತ್ತಾ ನೋಡ್ಬೇಕು. ಮೂರನೇದನ್ನ ಒಂದ್ಸಲ ನಿಲ್ಸಿ, ಮತ್ತೆ ಶುರು ಮಾಡು.”